ಮೇರೆ ಮೀರಿದ ಕಡಲು, ತಿಳಿಯಾದ ನೀರು: ನಾಗಚಂದ್ರನ ರಾವಣನಿಗೆ ಪ್ರತೀಕದ ಆಯ್ಕೆ

ಅಭಿನವಪಂಪನೆಂದು ಪ್ರಸಿದ್ಧನಾದ ನಾಗಚಂದ್ರನ ರಾಮಚಂದ್ರಚರಿತಪುರಾಣವು ಹದಿನಾರು ಆಶ್ವಾಸಗಳ ಚಂಪೂಕಾವ್ಯ. 12ನೆಯ ಶತಮಾನದ ಪೂರ್ವಾರ್ಧಕ್ಕೆ ಸೇರಿದ ಈ ಕೃತಿಯಲ್ಲಿ ನಾಯಕನಾದ ರಾಮನಿಗಿಂತ ಪ್ರತಿನಾಯಕನಾದ ರಾವಣನೇ ಆಧುನಿಕ ವಿಮರ್ಶಕರನ್ನು ಹೆಚ್ಚಾಗಿ ಆಕರ್ಷಿಸಿದ್ದಾನೆ. ಇದಕ್ಕೆ ಮೊದಲ ಕಾರಣರಾದವರು ಬಿ. ಎಂ. ಶ್ರೀಕಂಠಯ್ಯನವರು. 1926ರಲ್ಲಿ ರನ್ನನ ಕಾವ್ಯವನ್ನು ಆಧರಿಸಿ ಗದಾಯುದ್ಧ ನಾಟಕವನ್ನೂ, 1929ರಲ್ಲಿ ಗ್ರೀಕ್ ರುದ್ರನಾಟಕವೊಂದರ ಆಧಾರದ ಮೇಲೆ ಅಶ್ವತ್ಥಾಮನ್ ನಾಟಕವನ್ನೂ ಕೊಟ್ಟ ಆ ಹಿರಿಯರು ನಾಗಚಂದ್ರನ ರಾವಣನಲ್ಲಿಯೂ ದುರಂತನಾಯಕನೊಬ್ಬನನ್ನು ಕಂಡರು. ಉದಾತ್ತನಾದವನು ಒಂದೇ ಒಂದು ದೌರ್ಬಲ್ಯದಿಂದ ಕೆಡುವ ಚಿತ್ರ ಅದು. ಅಂದಿನಿಂದ ಈ ರಾವಣನ ಪ್ರಸ್ತಾಪ ಬಂದಲ್ಲೆಲ್ಲ ಒಂದು ಪದ್ಯದ ಉಲ್ಲೇಖ ಬಂದೇ ಬರುತ್ತದೆ. ಸೀತೆಯನ್ನು ಕಂಡೊಡನೆ ರಾವಣನ ಮನಸ್ಸು ಚಲಿಸಿದಾಗ, ಕಡಲು ಕೂಡ ಕಾಲವಶದಿಂದ ಒಮ್ಮೆ ತನ್ನ ಮೇರೆಯನ್ನು ಮೀರುವುದುಂಟಲ್ಲವೇ ಎಂದು ಕವಿ ಕೇಳುವ ಪದ್ಯವದು.

ಪದ್ಯ ಪ್ರಸಿದ್ಧವಾಯಿತು. ಪ್ರಸಿದ್ಧಿಯ ಜೊತೆಗೆ ಒಂದು ತೊಡಕೂ ಬಂದಿತು. ಕಡಲಿನ ಹೋಲಿಕೆಯೊಂದನ್ನೇ ಬಿಡಿಯಾಗಿ ಕಿತ್ತು ಉದ್ಧರಿಸುತ್ತ ಬಂದುದರಿಂದ ಅದು ರಾವಣನ ಪರವಾದ ವಕಾಲತ್ತಿನಂತೆ ಕೇಳಿಸತೊಡಗಿತು. ಕಾಲ ಬಂದಾಗ ಕಡಲೇ ಮೇರೆ ಮೀರುವುದಾದರೆ ರಾವಣನದೇನು ತಪ್ಪು ಎಂಬ ಅರ್ಥವನ್ನು ಕೆಲವರು ಅದರಿಂದ ತೆಗೆದರು. ಇನ್ನೊಂದು ಕಡೆ ಸಂಪ್ರದಾಯಸ್ಥ ಪಂಡಿತರು ಇಂಥ ವ್ಯಾಖ್ಯಾನವನ್ನು ಕೇಳಿ, ಇದು ಪಶ್ಚಿಮದ ಅಳತೆಗೋಲಿನಿಂದ ಜೈನಪುರಾಣವನ್ನು ಅಳೆಯುವ ಕೆಲಸವೆಂದು ದೂರ ಸರಿದರು. ಕರ್ಮವಿಪಾಕವನ್ನು ಹೇಳುವ ಗ್ರಂಥದಲ್ಲಿ ದುರಂತದ ಮಾತೇಕೆ ಎಂಬುದು ಅವರ ನಿಲುವು. ಎರಡು ಕಡೆಯವರೂ ಪದ್ಯವನ್ನು ಅದರ ಸಂದರ್ಭದಿಂದ ಬೇರ್ಪಡಿಸಿಯೇ ನೋಡಿದ್ದಾರೆ. ನಾಗಚಂದ್ರನು ತನ್ನ ರಾವಣನಿಗೆ ಆರಿಸಿದ ಪ್ರತೀಕ ಕಡಲು ಮಾತ್ರವಲ್ಲ. ಅದು ನೀರು. ಆ ನೀರು ಕಾವ್ಯದಲ್ಲಿ ಬೇರೆ ಬೇರೆ ಅವಸ್ಥೆಗಳಲ್ಲಿ ಮರಳಿ ಬರುತ್ತದೆ. ಕೊನೆಯ ಅವಸ್ಥೆ ಮೊದಲಿನದನ್ನು ತಿದ್ದುತ್ತದೆ.

ಕವಿಯ ಕೈಯಲ್ಲಿ ಬೇರೆ ಸಾಮಗ್ರಿ ಇರಲಿಲ್ಲವೆಂದಲ್ಲ. ವಿಮಲಸೂರಿಗಳ ಪ್ರಾಕೃತ ಪಉಮಚರಿಯದಲ್ಲಿ, ಅದನ್ನು ಅನುಸರಿಸಿ 7ನೆಯ ಶತಮಾನದಲ್ಲಿ ರಚಿತವಾದ ರವಿಷೇಣಾಚಾರ್ಯರ ಪದ್ಮಚರಿತದಲ್ಲಿ, ರಾವಣನಿಗೆ ಸಿದ್ಧವಾದ ಚಿಹ್ನೆಗಳು ಹಲವು ಇವೆ. ಹಾರದ ರತ್ನಗಳಲ್ಲಿ ಮುಖ ಪ್ರತಿಬಿಂಬಿಸಿ ದಶಮುಖನೆಂಬ ಹೆಸರು ಬಂದ ಕಥೆಯೊಂದೇ ಸಾಕು: ಒಂದು ಮುಖ ನಿಜ, ಉಳಿದವು ಹೊಳಪು. ಇದನ್ನು ಹಿಡಿದು ಒಬ್ಬ ಕವಿ ಇಡೀ ಪಾತ್ರವನ್ನು ಬೆಳೆಸಬಹುದಾಗಿತ್ತು. ಕೈಲಾಸವನ್ನೆತ್ತಲು ಹೋಗಿ ವಾಲಿಮುನಿಯ ಅಂಗುಷ್ಠದ ಭಾರಕ್ಕೆ ಸಿಕ್ಕಿ ಕೂಗಿದ ಪ್ರಸಂಗವುಂಟು. ಎಲ್ಲಕ್ಕಿಂತ ಮಿಗಿಲಾಗಿ ಚಕ್ರರತ್ನವುಂಟು. ಎಂಟನೆಯ ಪ್ರತಿವಾಸುದೇವನಾದ ರಾವಣನು ತಾನೇ ಪ್ರಯೋಗಿಸಿದ ಚಕ್ರದಿಂದ, ಎಂಟನೆಯ ವಾಸುದೇವನಾದ ಲಕ್ಷ್ಮಣನ ಕೈಯಲ್ಲಿ ಸಾಯಬೇಕೆಂಬುದು ಶಲಾಕಾಪುರುಷರ ವ್ಯವಸ್ಥೆಯಲ್ಲಿ ಮೊದಲೇ ಗೊತ್ತಾದ ವಿಷಯ. ಆದರೆ ಚಕ್ರವನ್ನು ಪಾತ್ರದ ಪ್ರತೀಕವಾಗಿ ಆರಿಸಿದರೆ ಪಾತ್ರಕ್ಕೆ ಒಳಗೆಂಬುದು ಉಳಿಯುವುದಿಲ್ಲ. ಪ್ರತಿವಾಸುದೇವರೆಲ್ಲರಿಗೂ ಅದು ಸಮಾನ. ಹಾರವೂ ಕೈಲಾಸವೂ ರಾವಣನಿಗೆ ಹೊರಗಿನಿಂದ ಅಂಟಿದ ಗುರುತುಗಳು. ನಾಗಚಂದ್ರನಿಗೆ ಬೇಕಾಗಿದ್ದುದು ಬದಲಾಗಬಲ್ಲ, ಬದಲಾದರೂ ತಾನೇ ಆಗಿ ಉಳಿಯಬಲ್ಲ ವಸ್ತು.

ಪ್ರತೀಕದ ಆಯ್ಕೆ ಎಷ್ಟು ಸೂಕ್ಷ್ಮವಾದ ಕೆಲಸವೆಂಬುದು ರನ್ನನನ್ನು ಪಕ್ಕದಲ್ಲಿಟ್ಟು ನೋಡಿದರೆ ಸ್ಪಷ್ಟವಾಗುತ್ತದೆ. ರನ್ನನ ದುರ್ಯೋಧನನೂ ನೀರಿನ ಸಂಬಂಧವುಳ್ಳವನೇ. ವೈಶಂಪಾಯನ ಸರೋವರದ ಒಳಗೆ ಅಡಗಿ, ಭೀಮನ ಗರ್ಜನೆಯನ್ನು ಕೇಳಿ, ನೀರೊಳಗಿದ್ದೂ ಅವನು ಬೆವರುತ್ತಾನೆ. ಆ ಕಲ್ಪನೆಯ ಬೆರಗು ನೀರಿನಲ್ಲಿಲ್ಲ, ಬೆಂಕಿಯಲ್ಲಿದೆ. ನೀರು ಅವನ ಕೋಪವನ್ನು ತಣಿಸಲಾರದೆ ಸೋತ ಹೊರವಸ್ತು. ರಾವಣನ ವಿಷಯದಲ್ಲಿ ಹಾಗಲ್ಲ. ಅವನ ಚಿತ್ತವೇ ನೀರು.

ಇನ್ನು ಕಾವ್ಯದ ಸಂದರ್ಭ. ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ಕೇವಲಿಗಳ ಸನ್ನಿಧಿಯಲ್ಲಿ ವ್ರತ ತೊಟ್ಟವನು ಈ ರಾವಣ. ನಳಕೂಬರನ ಪತ್ನಿ ಉಪರಂಭೆ ತಾನಾಗಿ ಒಲಿದು ಬಂದಾಗ, ಅವಳಿಂದ ಕೋಟೆಯನ್ನು ಗೆಲ್ಲುವ ವಿದ್ಯೆಯನ್ನು ಪಡೆದರೂ, ವಿದ್ಯೆ ಕೊಟ್ಟವಳು ಗುರುವಿಗೆ ಸಮಾನಳೆಂದು ಹೇಳಿ ಅವಳನ್ನು ಗಂಡನ ಬಳಿಗೇ ಕಳುಹಿಸಿದವನು. (ವಿದ್ಯೆಯನ್ನು ಮೊದಲು ಪಡೆದು ಆಮೇಲೆ ಧರ್ಮವನ್ನು ಹೇಳಿದನೆಂಬುದನ್ನು ಅವನ ಹೊಗಳಿಕೆಯ ಭರದಲ್ಲಿ ಮರೆಯಬಾರದು; ಪೌರಾಣಿಕರು ಅದನ್ನು ಮರೆಮಾಡಿಲ್ಲ.) ಇಂಥವನು ಖರದೂಷಣರ ನೆರವಿಗೆಂದು ದಂಡಕಾರಣ್ಯದ ಕಡೆಗೆ ಬಂದು ಸೀತೆಯನ್ನು ನೋಡುತ್ತಾನೆ. ಆ ಕ್ಷಣಕ್ಕೆ ಕವಿ ತರುವ ಒಂದು ಹೋಲಿಕೆ ತಾವರೆಯೆಲೆಯ ಮೇಲಿನ ನೀರಹನಿ. ಬಹುಕಾಲದಿಂದ ವ್ರತದಲ್ಲಿ ನಿಂತಿದ್ದ ಮನಸ್ಸು ಆ ಹನಿಯಂತೆ ಹೊಯ್ದಾಡಿತು.

ಸಾಮಾನ್ಯ ಓದುಗನಿಗೆ ಇದು ಸವೆದ ಉಪಮೆ. ಜೈನಾಗಮವನ್ನು ಬಲ್ಲವರಿಗೆ ಹಾಗೆ ಕಾಣಬಾರದು. ಸಮಯಸಾರದ 14ನೆಯ ಗಾಥೆಗೆ ಅಮೃತಚಂದ್ರಾಚಾರ್ಯರು ಬರೆದ ಆತ್ಮಖ್ಯಾತಿಯಲ್ಲಿ ತಾವರೆಯೆಲೆ ಬರುತ್ತದೆ: ನೀರಿನಲ್ಲಿ ಮುಳುಗಿರುವ ಎಲೆ ಪರ್ಯಾಯದೃಷ್ಟಿಯಿಂದ ನೀರು ತಾಗಿದ್ದು, ಸ್ವಭಾವದೃಷ್ಟಿಯಿಂದ ನೀರು ತಾಗದ್ದು. ಆತ್ಮಕ್ಕೆ ಹೋಲಿಕೆ ಎಲೆಯೇ ಹೊರತು ನೀರಲ್ಲ. ನಾಗಚಂದ್ರನು ಅದೇ ಚಿತ್ರದೊಳಗೆ ರಾವಣನನ್ನು ಎಲೆಯಾಗಿಸದೆ ಹನಿಯಾಗಿಸಿದ್ದಾನೆ. ಎಲೆ ಅಲ್ಲಿಯೇ ಇದೆ. ಅದರ ಮೇಲೆ ನಿಂತಿರುವ ಮನಸ್ಸು ಮಾತ್ರ ಎಲೆಯ ಗುಣವನ್ನು ಪಡೆದಿಲ್ಲ. ವ್ರತವೆಂಬುದು ರಾವಣನಿಗೆ ಆಧಾರವಾಗಿತ್ತು, ಸ್ವಭಾವವಾಗಿರಲಿಲ್ಲ ಎಂಬ ಮಾತನ್ನು ಇದಕ್ಕಿಂತ ಕಡಿಮೆ ಅಕ್ಷರಗಳಲ್ಲಿ ಹೇಳುವುದು ಕಷ್ಟ.

ಅದೇ ಪ್ರಕರಣದಲ್ಲಿ ಕಡಲೂ ಬರುತ್ತದೆ. ಒಂದು ಹನಿ ಮತ್ತು ಒಂದು ಸಮುದ್ರ, ಒಂದೇ ಮನಸ್ಸಿಗೆ. ಹನಿ ಚಾಂಚಲ್ಯಕ್ಕೆ, ಕಡಲು ಗಾತ್ರಕ್ಕೆ. ಕವಿಯು ಕಡಲನ್ನೇ ಏಕೆ ಆರಿಸಿದನು, ಹೊಳೆಯನ್ನು ಏಕೆ ಬಿಟ್ಟನು ಎಂಬುದನ್ನು ವಿಚಾರಿಸಬೇಕು. ಮೇರೆ ಮೀರುವುದರಲ್ಲಿ ಹೊಳೆಗೆ ಸಮನಾದುದಿಲ್ಲ. ಕೊಡಗಿನ ಮಲೆಗಳಲ್ಲಿ ಹುಟ್ಟುವ ಪಯಸ್ವಿನಿ ಸುಳ್ಯ, ಆಲೆಟ್ಟಿಗಳ ಸೀಮೆಯನ್ನು ಹಾದು, ಚಂದ್ರಗಿರಿಯೆಂಬ ಹೆಸರು ಪಡೆದು ಕಾಸರಗೋಡಿನ ಬಳಿ ಪಡುಗಡಲನ್ನು ಸೇರುತ್ತದೆ. ಆಟಿ ತಿಂಗಳ ಮಳೆಗೆ ಅದು ದಡ ಮೀರಿ ಅಡಕೆತೋಟಕ್ಕೆ ನುಗ್ಗಿದರೆ ಆಲೆಟ್ಟಿಯ ಕೃಷಿಕನು ನಷ್ಟಕ್ಕಾಗಿ ಮರುಗಿಯಾನು, ಆಶ್ಚರ್ಯಪಡುವುದಿಲ್ಲ. ದಡ ಮೀರುವುದು ಮಳೆಗಾಲದ ಹೊಳೆಯ ನಡತೆಯಲ್ಲಿಯೇ ಸೇರಿದೆ. ರಾವಣನನ್ನು ಹೊಳೆಗೆ ಹೋಲಿಸಿದ್ದರೆ ಅವನು ಕಾಮುಕನಾದ ಮತ್ತೊಬ್ಬ ಅರಸನಾಗುತ್ತಿದ್ದನು. ಅವನ ಪತನದಲ್ಲಿ ಬೆಚ್ಚಿಬೀಳುವಂಥದೇನೂ ಇರುತ್ತಿರಲಿಲ್ಲ. ಕಡಲು ಬೇರೆ. ಎಷ್ಟು ಹೊಳೆಗಳು ಬಂದು ಸೇರಿದರೂ ದಡ ಮೀರದೆಂಬುದೇ ಅದರ ಕೀರ್ತಿ. ಮರ್ಯಾದೆ ಎಂಬ ಶಬ್ದಕ್ಕೆ ಎಲ್ಲೆಯೆಂದೂ ಸನ್ನಡತೆಯೆಂದೂ ಇರುವ ಎರಡು ಅರ್ಥಗಳೂ ಒಟ್ಟಿಗೆ ಸಲ್ಲುವುದು ಕಡಲಿನಲ್ಲಿ ಮಾತ್ರ. ದುರಂತಕ್ಕೆ ತಕ್ಕ ಪ್ರತೀಕದ ಲಕ್ಷಣವಿದು: ಯಾವುದು ಕೆಡಬಾರದೋ, ಯಾವುದು ಕೆಡಲಾರದೆಂದು ಲೋಕ ನಂಬಿದೆಯೋ, ಅದು ಕೆಡಬೇಕು.

ಜೈನ ಲೋಕಸ್ವರೂಪವನ್ನು ಓದಿದವರಿಗೆ ಈ ಕಡಲು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಲವಣಸಮುದ್ರವು ತಾನಾಗಿ ಎಲ್ಲೆಯಲ್ಲಿ ನಿಂತಿರುವುದಿಲ್ಲ. ಅದರ ತಳದಲ್ಲಿ ಪಾತಾಳಗಳಿವೆ. ಅವುಗಳ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ವಾಯು, ನಡುವಿನಲ್ಲಿ ವಾಯುವೂ ಜಲವೂ, ಮೇಲೆ ಬರಿಯ ಜಲ. ಆ ವಾಯುವಿನ ಕ್ಷೋಭೆಯಿಂದ ನೀರು ಉಬ್ಬುತ್ತದೆ. ಉಬ್ಬಿದ ವೇಲೆಯನ್ನು ವೇಲಂಧರ ನಾಗದೇವರು ತಡೆಹಿಡಿದಿದ್ದಾರೆ: ಒಳಗಿನ ವೇಲೆಯನ್ನು 42,000, ಹೊರಗಿನದನ್ನು 72,000, ತುದಿಯ ಅಗ್ರೋದಕವನ್ನು 28,000 ನಾಗರು ಧರಿಸಿದ್ದಾರೆಂದು ಅಕಲಂಕದೇವರ ರಾಜವಾರ್ತಿಕದಲ್ಲಿ ಹೇಳಿದೆ. ಕವಿಯು ಪದ್ಯದಲ್ಲಿ ವೇಲಂಧರರ ಹೆಸರನ್ನೆತ್ತಿಲ್ಲ. ಅವನು ಅವರನ್ನು ಉದ್ದೇಶಿಸಿದನೆಂದು ಸಾಧಿಸಹೊರಟರೆ ಅದು ಅತಿವ್ಯಾಖ್ಯಾನವಾದೀತು. ಆದರೆ ಅವನ ಶ್ರೋತೃಗಳು ಈ ಲೋಕವಿಭಾಗವನ್ನು ಕೇಳಿ ಬೆಳೆದವರು. ಅವರ ಕಿವಿಗೆ ಕಡಲಿನ ಮರ್ಯಾದೆಯೆಂದರೆ ಎಡೆಬಿಡದ ಕಾವಲು. ಒತ್ತಡ ಕೆಳಗಿನಿಂದ ಸದಾ ಇದ್ದೇ ಇದೆ. ರಾವಣನ ವ್ರತವು ಇಂಥ ಕಾವಲೆಂದು ತಿಳಿದರೆ, ಸೀತೆಯ ರೂಪವು ಆ ಕಡಲನ್ನು ಹೊಸದಾಗಿ ಉಕ್ಕಿಸಲಿಲ್ಲ, ಕಾವಲಿನ ಒಂದು ಎಡೆಯನ್ನು ತೆರೆಯಿತಷ್ಟೆ ಎಂದು ಕಾಣುತ್ತದೆ.

ಕಾಲವಶವೆಂಬ ಮಾತೇ ರಾವಣನ ಪರವಾಗಿ ವಾದಿಸುವವರಿಗೆ ದೊಡ್ಡ ಆಧಾರ. ಕಾಲವೆಂದರೆ ವಿಧಿಯೆಂದು ಅವರು ಹಿಡಿಯುತ್ತಾರೆ. ಲೋಕದ ಮಾತಿನಲ್ಲಿ ಆ ಅರ್ಥ ಉಂಟು, ನಾಗಚಂದ್ರನೂ ಲೋಕದ ಮಾತನ್ನೇ ಆಡುತ್ತಾನೆ. ಆದರೆ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವನ್ನು ಓದಿದ ಕವಿಯ ಬಾಯಲ್ಲಿ ಕಾಲವು ಯಾರನ್ನೂ ಬಲಾತ್ಕಾರವಾಗಿ ಎಳೆದೊಯ್ಯುವ ಶಕ್ತಿಯಾಗಲಾರದು. ಅದು ಪರಿಣಮನಕ್ಕೆ ಉದಾಸೀನ ನಿಮಿತ್ತ. ಕುಂಬಾರನ ಚಕ್ರದ ಕೆಳಗಿನ ಕಲ್ಲು ಚಕ್ರವನ್ನು ತಿರುಗಿಸುವುದಿಲ್ಲ, ತಿರುಗುವ ಚಕ್ರಕ್ಕೆ ನೆಲೆಯಾಗುತ್ತದೆ. ತಿರುಗಿದುದು ರಾವಣನ ಉಪಾದಾನ.

ಇಲ್ಲಿ ಹಸ್ತಪ್ರತಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಪ್ರಸ್ತಾಪಿಸುವುದು ಅವಶ್ಯ. ಪದ್ಯದ ಜೀವ ಅದರ ಕೊನೆಯ ಕ್ರಿಯಾಪದದಲ್ಲಿದೆ. ದಾಂಟು ಎಂಬ ಧಾತುವಿನ ನಿಷೇಧರೂಪದ ಮೇಲೆ ಬಂದಿರುವ ಏಕಾರದಲ್ಲಿ, ಅಂದರೆ ಒಂದೇ ಅಕ್ಷರದಲ್ಲಿ, ಅರ್ಥ ನಿಂತಿದೆ. ಹಳೆಯ ಓಲೆಗರಿಗಳಲ್ಲಿ ಎಕಾರದ ಹ್ರಸ್ವದೀರ್ಘಗಳನ್ನು ಬೇರೆ ಮಾಡಿ ಬರೆಯುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಪ್ರಶ್ನಚಿಹ್ನೆಯಂತೂ ಇಲ್ಲವೇ ಇಲ್ಲ. ಪಾದಾಂತ್ಯದಲ್ಲಿ ಲಘುವೂ ಗುರುವಾಗಿ ನಿಲ್ಲಬಹುದಾದುದರಿಂದ ಛಂದಸ್ಸೂ ನೆರವಿಗೆ ಬಾರದು. ಹ್ರಸ್ವವಾಗಿ ಓದಿದರೆ ಅದು ‘ಮೀರದೆ’ ಎಂಬ ಅಪೂರ್ಣಕ್ರಿಯೆ. ದೀರ್ಘವಾಗಿ, ಅವಧಾರಣಾರ್ಥದಲ್ಲಿ ಓದಿದರೆ ‘ಮೀರುವುದೇ ಇಲ್ಲ’ ಎಂಬ ದೃಢನಿಷೇಧ. ದೀರ್ಘವಾಗಿ, ಪ್ರಶ್ನಾರ್ಥದಲ್ಲಿ ಓದಿದರೆ ಮಾತ್ರ ‘ಮೀರದೇನು?’ ಎಂಬ ಪ್ರಸಿದ್ಧಾರ್ಥ. ಮೊದಲನೆಯದರಲ್ಲಿ ವಾಕ್ಯ ಮುಗಿಯುವುದಿಲ್ಲ, ಎರಡನೆಯದರಲ್ಲಿ ಕಾಲವಶದ ಮಾತಿಗೂ ಒಮ್ಮೆ ಎಂಬ ಮಾತಿಗೂ ಗತಿಯಿಲ್ಲ. ಆದ್ದರಿಂದ ಮೂರನೆಯದೇ ಯುಕ್ತ, ಮುದ್ರಿತ ಪಾಠಗಳು ಹಾಗೆಯೇ ಗ್ರಹಿಸಿರುವುದೂ ಸರಿ.

ಆದರೆ ಹಾಗೆ ಗ್ರಹಿಸಿದ ಮೇಲೆ ಅದು ಪ್ರಶ್ನೆಯೆಂಬುದನ್ನು ಮರೆಯಬಾರದು. ಕಡಲು ಮೀರಿತು, ಆದುದರಿಂದ ರಾವಣನು ಮೀರಿದುದು ಸಹಜ ಎಂದು ಕವಿ ಎಲ್ಲಿಯೂ ನಿರ್ಣಯಿಸಿಲ್ಲ. ಕೇಳಿದ್ದಾನೆ, ಕೇಳಿ ಬಿಟ್ಟಿದ್ದಾನೆ. ಗರಿಯ ಮೇಲೆ ಗುರುತಿಲ್ಲದ ಆ ಪ್ರಶ್ನೆಯನ್ನು ವಾಚಕನು ತನ್ನ ದನಿಯಿಂದಲೇ ತುಂಬಬೇಕಾಗಿತ್ತು. ಮರುಕದಿಂದ ಕೇಳುವವನ ದನಿ ಬೇರೆ, ಸಮರ್ಥಿಸುವವನ ದನಿ ಬೇರೆ. ವಕೀಲಿಕೆಯ ದನಿಯನ್ನು ಪದ್ಯಕ್ಕೆ ಹಾಕಿದವರು ಆಧುನಿಕರು.

ಪ್ರತೀಕವೊಂದು ಪಾತ್ರದ ಅರ್ಥವನ್ನೇ ಹೇಗೆ ತಿರುಗಿಸಬಲ್ಲದೆಂಬುದಕ್ಕೆ ತೆಂಕಣ ಕನ್ನಡದ ತಾಳಮದ್ದಳೆಯ ಉದಾಹರಣೆ ಹತ್ತಿರದ್ದು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಬೇರೂರಿರುವ ಕಾಸರಗೋಡು, ಸುಳ್ಯ, ಪುತ್ತೂರು ಸೀಮೆಗಳಲ್ಲಿ ರಾವಣನ ಅರ್ಥಗಾರಿಕೆ ಜನಪ್ರಿಯವಾದುದು. ಆಲೆಟ್ಟಿಯಂಥ ಊರಿನ ಕೂಟದಲ್ಲಿ ರಾತ್ರಿ ಕುಳಿತು ಕೇಳುವ ರಸಿಕನಿಗೆ ಪರಿಚಿತನಾದ ರಾವಣನು ಬಹುಮಟ್ಟಿಗೆ ವೈಕುಂಠದ ದ್ವಾರಪಾಲಕ. ಶಾಪದಿಂದ ಇಳಿದು ಬಂದವನು, ವೈರದ ದಾರಿಯಿಂದ ಸ್ವಾಮಿಯನ್ನು ಬೇಗ ಸೇರಲು ಹೊರಟವನು. ಆ ಪ್ರತೀಕದ ನಾಟ್ಯಶಕ್ತಿ ಅಲ್ಲಗಳೆಯುವಂಥದಲ್ಲ. ಒಳ್ಳೆಯ ಅರ್ಥಧಾರಿ ಅದರಿಂದ ಅದ್ಭುತವಾದ ಮಾತುಗಳನ್ನು ತೆಗೆಯಬಲ್ಲನು. ಆದರೆ ದ್ವಾರಪಾಲಕನಿಗೆ ಹಿಂದಿರುಗುವ ಮನೆಯುಂಟು. ತಾನು ಯಾರೆಂಬುದನ್ನು ಬಲ್ಲವನ ಪತನದಲ್ಲಿ ದುರಂತವಿಲ್ಲ, ಲೀಲೆಯಿದೆ. ನಾಗಚಂದ್ರನ ರಾವಣನಿಗೆ ಶಾಪದ ರಕ್ಷೆಯಿಲ್ಲ. ಅವನು ಯಾರ ಆಜ್ಞೆಯಿಂದಲೂ ಕೆಡಲಿಲ್ಲ, ಆದುದರಿಂದ ಯಾರ ಕೃಪೆಯಿಂದಲೂ ತಿಳಿಯಾಗಲಾರನು. ತಾನೇ ತಿಳಿಯಾಗಬೇಕು.

ಹಾಗೆ ತಿಳಿಯಾಗುವ ಸ್ಥಳವೇ ಕಾವ್ಯದ ತಿರುವು. ಶಾಂತಿನಾಥ ಜಿನಾಲಯದಲ್ಲಿ ನಿಶ್ಚಲನಾಗಿ ಕುಳಿತು ಬಹುರೂಪಿಣೀ ವಿದ್ಯೆಯನ್ನು ಸಾಧಿಸಿದ ರಾವಣನು ಪ್ರಮದವನಕ್ಕೆ ಬಂದು, ಇನ್ನು ರಾಮಲಕ್ಷ್ಮಣರು ಉಳಿಯಲಾರರೆಂದು ಸೀತೆಗೆ ಹೇಳುತ್ತಾನೆ. ಸೀತೆ ಅವರ ಪ್ರಾಣಕ್ಕೆ ಹಾನಿ ಮಾಡಬೇಡವೆಂದು ಬೇಡಿ ಮೂರ್ಛೆಹೋಗುತ್ತಾಳೆ. ಆಗ ರಾವಣನ ಮನಸ್ಸು ತಿರುಗುತ್ತದೆ. ಒಲಿದ ದಂಪತಿಗಳನ್ನು ಅಗಲಿಸಿದೆನಲ್ಲಾ, ಹಿತ ಹೇಳಿದ ವಿಭೀಷಣನನ್ನು ದೂರ ಮಾಡಿದೆನಲ್ಲಾ ಎಂಬ ಪಶ್ಚಾತ್ತಾಪ ಅವನಲ್ಲಿ ಮೂಡುತ್ತದೆ. ಪ್ರಸಂಗ ರವಿಷೇಣಾಚಾರ್ಯರಲ್ಲಿಯೂ ಉಂಟು. ನಾಗಚಂದ್ರನು ಅಲ್ಲಿ ತರುವ ಹೋಲಿಕೆ ಮತ್ತೆ ನೀರಿನದೇ: ಕದಡಿದ ನೀರು ತನ್ನಿಂದ ತಾನೇ ತಿಳಿಯಾಗುವಂತೆ ರಾವಣನು ತಿಳಿಯಾದನು, ಸೀತೆಯ ವಿಷಯದಲ್ಲಿ ಅವನಿಗೆ ವೈರಾಗ್ಯ ಹುಟ್ಟಿತು.

ಕಡಲಿನ ಪದ್ಯವನ್ನು ಹೊಗಳಿದಷ್ಟು ಸಲ ಈ ಪದ್ಯವನ್ನೂ ಹೊಗಳಿದ್ದಾರೆ. ಆದರೆ ಎರಡೂ ಒಂದೇ ನೀರೆಂಬುದನ್ನು ಯಾರೂ ಒತ್ತಿ ಹೇಳಿದಂತಿಲ್ಲ. ಸಿದ್ಧಾಂತಗ್ರಂಥಗಳ ಪರಿಚಯವುಳ್ಳವರಿಗೆ ಕದಡಿದ ನೀರು ಎಂದೊಡನೆ ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿ ನೆನಪಾಗಬೇಕು. ಎರಡನೆಯ ಅಧ್ಯಾಯದ ಮೊದಲ ಸೂತ್ರದ ವ್ಯಾಖ್ಯಾನದಲ್ಲಿ, ಜೀವದ ಭಾವಗಳನ್ನು ವಿವರಿಸುತ್ತ ಅವರು ಇದೇ ನೀರನ್ನು ದೃಷ್ಟಾಂತವಾಗಿ ಹಿಡಿದಿದ್ದಾರೆ. ಕತಕಬೀಜ ಮೊದಲಾದ ದ್ರವ್ಯದ ಸಂಬಂಧದಿಂದ ಕೆಸರು ತಳಕ್ಕೆ ಇಳಿದು ನೀರು ತಿಳಿಯಾಗುವುದು ಉಪಶಮ. ಆ ತಿಳಿನೀರನ್ನೇ ಬೇರೊಂದು ಶುಚಿಯಾದ ಪಾತ್ರೆಗೆ ಬಗ್ಗಿಸಿದಾಗ ಕೆಸರು ಸಂಪೂರ್ಣ ಇಲ್ಲವಾಗುವುದು ಕ್ಷಯ. ಕೆಸರು ಒಂದಂಶ ಕಳೆದು ಒಂದಂಶ ಉಳಿದಿರುವುದು ಮಿಶ್ರ. ಕಣ್ಣಿಗೆ ಉಪಶಮದ ನೀರೂ ಕ್ಷಯದ ನೀರೂ ಒಂದೇ ರೀತಿ ತಿಳಿಯಾಗಿ ಕಾಣುತ್ತವೆ. ಪಾತ್ರೆಯನ್ನು ಅಲುಗಿಸಿದಾಗ ವ್ಯತ್ಯಾಸ ತಿಳಿಯುತ್ತದೆ.

ಕವಿಯು ಕತಕವನ್ನು ಬಿಟ್ಟು ತನ್ನಿಂದ ತಾನೇ ಎಂದಿದ್ದಾನೆ. ಮಂದೋದರಿಯ ಮಾತು, ವಿಭೀಷಣನ ಮಾತು, ಮಂತ್ರಿಗಳ ಮಾತು ಯಾವುದೂ ಕತಕವಾಗಿ ಕೆಲಸ ಮಾಡದಿದ್ದುದನ್ನು ನೆನೆದರೆ ಇದು ಸೂಕ್ತವೇ. ಸೀತೆಯ ಮೂರ್ಛೆ ನಿಮಿತ್ತವಲ್ಲವೇ ಎಂದು ಪಂಡಿತರು ಕೇಳಬಹುದು. ನಿಮಿತ್ತವೇನೋ ಹೌದು. ಆದರೆ ಅದು ಉಪದೇಶವಲ್ಲ. ರಾವಣನನ್ನು ತಿದ್ದುವ ಉದ್ದೇಶವೇ ಆ ಮೂರ್ಛೆಗೆ ಇರಲಿಲ್ಲ. ತಾನಾಗಿ ತಿಳಿಯಾಗುವ ನೀರಿಗೂ ಆಗಮದ ಪ್ರಮಾಣವಿದೆ. ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಉಪಶಾಂತಕಷಾಯಕ್ಕೆ ಎರಡು ಹೋಲಿಕೆಗಳನ್ನು ಕೊಟ್ಟಿದ್ದಾರೆ: ಒಂದು ಕತಕಫಲ ಸೇರಿದ ನೀರು, ಇನ್ನೊಂದು ಶರತ್ಕಾಲದ ಸರೋವರದ ನೀರು. ಎರಡನೆಯದಕ್ಕೆ ಯಾವ ಬೀಜವನ್ನೂ ತೇಯುವವರಿಲ್ಲ, ಋತು ಬಂದಾಗ ಅದು ತಾನಾಗಿ ತಿಳಿಯಾಗುತ್ತದೆ. ಕ್ಷೀಣಕಷಾಯಕ್ಕಾದರೋ ಹೋಲಿಕೆ ಬೇರೆ, ಅದು ಸ್ಫಟಿಕಪಾತ್ರೆಯಲ್ಲಿಟ್ಟ ನೀರು. ಆಟಿಯಲ್ಲಿ ಕೆನ್ನೀರಾಗಿ ಹರಿದ ಅದೇ ಪಯಸ್ವಿನಿಯ ಮಡುಗಳು ನವರಾತ್ರಿಯ ಹೊತ್ತಿಗೆ ತಳ ಕಾಣುವಂತೆ ತಿಳಿಯಾಗುತ್ತವೆ. ಕಾಲಿಟ್ಟರೆ ಕೆಸರು ಮೇಲೆದ್ದು ಬರುತ್ತದೆ. ಗಾಥೆಯ ಶರತ್ಸರೋವರವನ್ನು ನೋಡಲು ದೂರ ಹೋಗಬೇಕಾಗಿಲ್ಲ.

ಗುಣಸ್ಥಾನದ ಲೆಕ್ಕವನ್ನೇ ಹಿಡಿದು ರಾವಣನನ್ನು ಯಾವುದೋ ಮೆಟ್ಟಿಲ ಮೇಲೆ ಕೂರಿಸುವ ಪ್ರಯತ್ನ ಇಲ್ಲಿ ಸಲ್ಲದು. ಚಾರಿತ್ರಮೋಹದ ಉಪಶಮ ಶ್ರೇಣಿಯನ್ನೇರಿದ ಮುನಿಗೆ ಸಂಬಂಧಿಸಿದ್ದೇ ಹೊರತು ಯುದ್ಧಭೂಮಿಗೆ ಹೊರಟ ವಿದ್ಯಾಧರ ಚಕ್ರವರ್ತಿಗಲ್ಲ. ಕಾವ್ಯದ ಹೋಲಿಕೆಯನ್ನು ಶಾಸ್ತ್ರದ ನಿರ್ಣಯವೆಂದು ತಿಳಿದರೆ ಎರಡಕ್ಕೂ ಅನ್ಯಾಯ. ಹೋಲಿಕೆಯ ರಚನೆಯಷ್ಟೇ ಪ್ರಕೃತ: ನೀರು ತಿಳಿಯಾಗಿದೆ, ಪಾತ್ರೆ ಬದಲಾಗಿಲ್ಲ.

ಮುಂದಿನ ನಡೆ ಇದನ್ನು ತೋರಿಸಿಕೊಡುತ್ತದೆ. ತಿಳಿಯಾದ ರಾವಣನು ಸೀತೆಯನ್ನು ಆ ಕ್ಷಣವೇ ಒಪ್ಪಿಸಿಬಿಡಬಹುದಾಗಿತ್ತು. ಅವನು ಹಾಗೆ ಮಾಡುವುದಿಲ್ಲ. ಈಗ ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂಬ ಅಪಕೀರ್ತಿ ತನ್ನ ಶೌರ್ಯಕ್ಕೆ ತಟ್ಟುವುದು; ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದು, ಸೆರೆಹಿಡಿದು ತಂದು, ಆಮೇಲೆ ಸೀತೆಯನ್ನು ಕೊಡುವೆನೆಂದು ನಿಶ್ಚಯಿಸುತ್ತಾನೆ. ಕಾಮದ ಕೆಸರು ತಳಕ್ಕೆ ಇಳಿಯಿತು, ಮಾನವು ಅದೇ ನೀರಿನಲ್ಲಿ ಕಾಲಿಟ್ಟಿತು. ಮಾನಕಷಾಯಕ್ಕೆ ಜೀವಕಾಂಡವು ಕಲ್ಲು, ಎಲುಬು, ಮರ, ಬೆತ್ತ ಎಂದು ನಾಲ್ಕು ತೆರನ ಹೋಲಿಕೆ ಕೊಟ್ಟಿದೆ. ಬಾಗುವ ಗುಣ ಹೆಚ್ಚಿದಂತೆ ಮಾನ ಮಂದ. ರಾವಣನು ಸೀತೆಯ ಮುಂದೆ ಬೆತ್ತದಂತೆ ಬಾಗಿದನು, ರಾಮನ ಮುಂದೆ ಕಲ್ಲಾದನು. ಸಾಮಾನ್ಯವಾಗಿ ವಿಮರ್ಶಕರು ರಾವಣನ ದುರಂತವನ್ನು ಪಂಚವಟಿಯಲ್ಲಿ, ಕಡಲು ಮೇರೆ ಮೀರಿದ ಕ್ಷಣದಲ್ಲಿ ಕಾಣುತ್ತಾರೆ. 14ನೆಯ ಆಶ್ವಾಸವನ್ನು ನೋಡಿದರೆ ಆ ತಪ್ಪಿನಿಂದ ಅವನು ಪಾರಾಗಿದ್ದನೆಂದೇ ಹೇಳಬೇಕಾಗುತ್ತದೆ. ಅವನನ್ನು ಕೊಂದುದು ಪಾರಾದ ಮೇಲೆ ಅವನಾಡಿದ ಮಾತು. ಕೆಟ್ಟವನು ಕೆಟ್ಟುದರಲ್ಲಿ ದುರಂತವಿಲ್ಲ. ತಿಳಿಯಾದವನು, ತಿಳಿಯಾದ ಸ್ಥಿತಿಯಲ್ಲಿಯೇ, ಉದಾತ್ತವೆಂದು ತೋರುವ ಕಾರಣಕ್ಕಾಗಿಯೇ ಕೆಡುವುದನ್ನು ದುರಂತವೆನ್ನಬೇಕು. ಕರ್ಮಸಿದ್ಧಾಂತಕ್ಕೂ ದುರಂತಕ್ಕೂ ವಿರೋಧವೆಂದು ದೂರ ಸರಿದ ಪಂಡಿತರು ಈ ಸ್ಥಳವನ್ನು ಮತ್ತೊಮ್ಮೆ ಓದಬೇಕು. ಉಪಶಮಕ್ಕೂ ಕ್ಷಯಕ್ಕೂ ಇರುವ ಅಂತರವನ್ನು ಬಲ್ಲವನಿಗೇ ಈ ದುರಂತ ಪೂರ್ಣವಾಗಿ ತಿಳಿಯುವುದು. ಗ್ರೀಕರ ಅಳತೆಗೋಲು ಇಲ್ಲಿ ಬೇಕಾಗಿಯೂ ಇಲ್ಲ.

ಅದೇ ಪದ್ಯದ ಮುಕ್ತಾಯದಲ್ಲಿ ನೀರಿನ ಪಕ್ಕಕ್ಕೆ ಇನ್ನೊಂದು ವಸ್ತುವನ್ನು ಕವಿ ತಂದಿದ್ದಾನೆ. ಉದಾತ್ತನಾದವನಲ್ಲಿ ನೀಲೀರಾಗ ಹುಟ್ಟದಲ್ಲವೇ ಎಂಬುದು ಅದರ ತಾತ್ಪರ್ಯ. ನೀಲಿಯ ಬಣ್ಣ ಒಮ್ಮೆ ಹಿಡಿದರೆ ಬಿಡದು. ನೀರಿಗೂ ಬಣ್ಣಕ್ಕೂ ಇರುವ ನಂಟನ್ನು ನೋಡಿ ಆರಿಸಿದ ಮಾತಿದು: ಕೆಸರು ನೀರನ್ನು ಕದಡುತ್ತದೆ, ನೀಲಿ ನೀರನ್ನೇ ಬದಲಿಸುತ್ತದೆ. ರಾವಣನಲ್ಲಿ ಆದುದು ಮೊದಲನೆಯದು. ಲೋಭದ ತರತಮಕ್ಕೆ ಜೀವಕಾಂಡವು ಕೊಡುವ ಹೋಲಿಕೆಗಳಲ್ಲಿಯೂ ಬಿಡದ ಕ್ರಿಮಿರಾಗ, ಬೇಗ ಬಿಡುವ ಅರಿಸಿನದ ಬಣ್ಣಗಳು ಇವೆ. ಬಣ್ಣದ ಗಾಢತೆಯಿಂದ ಕಷಾಯವನ್ನು ಅಳೆಯುವುದು ಶ್ರೋತೃಗಳಿಗೆ ಹೊಸದಲ್ಲ.

ನೀಲೀರಾಗವೆಂಬ ಮಾತಿಗೆ ಅಲಂಕಾರಶಾಸ್ತ್ರದಲ್ಲಿ ಮತ್ತೊಂದು ಮುಖವಿದೆ. ನಾಗಚಂದ್ರನಿಗಿಂತ ಈಚಿನವನಾದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ನೀಲೀ, ಕುಸುಂಭ, ಮಂಜಿಷ್ಠಾ ಎಂದು ಅನುರಾಗವನ್ನು ಮೂರು ಬಗೆಯಾಗಿ ವಿಂಗಡಿಸಿ, ಹೊರಗೆ ಅತಿಯಾಗಿ ಮೆರೆಯದೆ ಮನಸ್ಸಿನಿಂದ ಎಂದೂ ಅಗಲದ ಪ್ರೇಮವೇ ನೀಲೀರಾಗವೆಂದು ಲಕ್ಷಣ ಹೇಳಿ, ಉದಾಹರಣೆಗೆ ರಾಮಸೀತೆಯರನ್ನೇ ಹೆಸರಿಸಿದ್ದಾನೆ. ಕಾಲದ ದೃಷ್ಟಿಯಿಂದ ಇದು ನಾಗಚಂದ್ರನಿಗೆ ಆಕರವಾಗಲಾರದು. ಆದರೂ ಎರಡನ್ನೂ ಒಟ್ಟಿಗಿಟ್ಟು ನೋಡುವುದು ಉಪಯುಕ್ತ. ಯಾವ ರಾಗ ರಾವಣನಲ್ಲಿ ಇಲ್ಲದಿರುವುದು ಅವನ ಔದಾತ್ಯಕ್ಕೆ ಸಾಕ್ಷಿಯೋ, ಅದೇ ರಾಗ ರಾಮಸೀತೆಯರಲ್ಲಿ ಇರುವುದು ಅವರ ದಾಂಪತ್ಯಕ್ಕೆ ಸಾಕ್ಷಿ. ಸೀತೆಯ ಮೂರ್ಛೆಯಲ್ಲಿ ರಾವಣನು ಕಂಡುದು ತನ್ನಲ್ಲಿ ಇಲ್ಲದ ಆ ಬಣ್ಣವನ್ನು. ಕಂಡೊಡನೆ ತಿಳಿಯಾದುದು ಅವನ ಹಿರಿಮೆ.

ಕೊನೆಯಲ್ಲಿ, ನಾಗಚಂದ್ರನು ಪಾತ್ರದ ಪ್ರತೀಕವನ್ನಾಗಿಸದೆ ಬಿಟ್ಟ ಆ ಚಕ್ರ ತನ್ನ ಕೆಲಸವನ್ನು ಮಾಡುತ್ತದೆ. ರಾವಣನು ಪ್ರಯೋಗಿಸಿದುದು ಲಕ್ಷ್ಮಣನ ಕೈಸೇರಿ ರಾವಣನನ್ನೇ ಕೊಲ್ಲುತ್ತದೆ. ಆಮೇಲಿನ ಕಥೆಗೆ ರವಿಷೇಣಾಚಾರ್ಯರನ್ನು ನೋಡಬೇಕು. ಅವರಲ್ಲಿ ರಾವಣನ ಜೀವ ಮೂರನೆಯ ನರಕದಲ್ಲಿದೆ. ಅಚ್ಯುತಕಲ್ಪದಲ್ಲಿ ಪ್ರತೀಂದ್ರನಾಗಿ ಹುಟ್ಟಿದ ಸೀತೆಯ ಜೀವ ಅಲ್ಲಿಗೆ ಇಳಿದುಹೋಗಿ ಅವನಿಗೆ ಧರ್ಮವನ್ನು ಹೇಳುತ್ತದೆ. ಒಂದು ಕಾಲದಲ್ಲಿ ಮೂರ್ಛೆಯಿಂದ ತಿಳಿಸಿದುದನ್ನು ಈ ಸಲ ಮಾತಿನಿಂದಲೇ ಹೇಳುತ್ತದೆ. ಮುಂದೆ ಎಷ್ಟೋ ಭವಗಳ ನಂತರ ರಾವಣನ ಜೀವ ತೀರ್ಥಂಕರನಾಗುವುದೆಂದೂ, ಸೀತೆಯ ಜೀವ ಅವನ ಗಣಧರನಾಗುವುದೆಂದೂ ಕೇವಲಿಯಾದ ರಾಮನು ಆ ಪ್ರತೀಂದ್ರನಿಗೆ ತಿಳಿಸುತ್ತಾನೆ.